ಬದಲಿ

ಮಾರ್ಚಿಯಲ್ಲಿ ಸೀಳಿತು.
ಮೇಲಿನ ಕೊಳವೆ, ಎರಡು ಕೀಲಿಗಳ ನಡುವೆ, ಕೂದಲೆಳೆಯಷ್ಟು.
ಸದ್ದಾಗಲಿಲ್ಲ. ಬೆರಳಿಗೆ ತಿಳಿಯಿತು.

ಗೋರಿಯ ಪಕ್ಕ ನಿಂತು ಊದುತ್ತಿದ್ದೆ, ಮೈನಸ್ ಒಂಬತ್ತು,
ತೀರಿಕೊಂಡವರು ಮೀನುದೋಣಿಯ ಯಜಮಾನರು,
ಅವರ ಹೆಂಡತಿ ಕೇಳಿದ್ದರು, ಇಲ್ಲ ಅನ್ನಲಾಗಲಿಲ್ಲ.
ಒಳಗೆ ನನ್ನ ಬಿಸಿಯುಸಿರು, ಹೊರಗೆ ಟ್ರೊಮ್ಸೊದ ಗಾಳಿ:
ಇಬ್ಬರ ಜಗಳದಲ್ಲಿ ಕರಿಮರ ಬಡವಾಯಿತು.

ಆಸ್ಮುಂದ್ ಅದನ್ನು ದೀಪಕ್ಕೆ ಹಿಡಿದ,
ಒಂದು ಕಣ್ಣು ಮುಚ್ಚಿ, ಮೊಟ್ಟೆ ಪರೀಕ್ಷಿಸುವವನ ಹಾಗೆ.
ಅಂಟು ತುಂಬಿದ, ಮೂರು ಪಿನ್ನು ಕೂರಿಸಿದ, ಉಜ್ಜಿದ.
"ಬದುಕುತ್ತೆ. ಇನ್ನು ಮೇಲೆ ಹೊಸ್ತಿಲು ದಾಟಿಸಬೇಡ."
"ಮೇ ಹದಿನೇಳರ ಮೆರವಣಿಗೆ?"
"ಮೇ ಹದಿನೇಳಕ್ಕೂ ಹಿಮ ಬೀಳುವ ಊರು ಇದು, ಸುನ್ನಿವ.
ಒಂದು ಬದಲಿ ತಗೋ."

ಬದಲಿಗೆಂದು ನನ್ನಲ್ಲಿದ್ದದ್ದು ಹದಿನಾಲ್ಕು ಸಾವಿರ ಕ್ರೋನರ್.
ಸರಿಯಾದ ಓಬೋಗೆ ಅದು ಮುಂಗಡವೂ ಅಲ್ಲ.
ಹಸಿರು ಬಟ್ಟೆ ಹಾಸಿ ಮೂರನ್ನು ಮಲಗಿಸಿದ.
ನಾನು ಬಾಯಲ್ಲಿ ರೀಡು ನೆನೆಸುತ್ತ ಕೂತೆ,
ಮಾತಾಡದಿರಲು ಅದೊಂದು ನೆಪ.

ಮೊದಲನೆಯದು ಹೊಚ್ಚಹೊಸದು, ಹೆಸರು ಕೇಳದ ಕಂಪನಿ,
ಮದುವೆಮನೆಯ ಚಮಚಗಳಂತೆ ಹೊಳೆಯುವ ಕೀಲಿಗಳು.
ಎಡಗೈ ಎಫ್ ಇಲ್ಲ. ತಳದ ಬಿ-ಫ್ಲಾಟ್ ಇಲ್ಲ.
ಬಿದ್ದ ಹಲ್ಲಿನ ಜಾಗವನ್ನು ನಾಲಿಗೆ ಹುಡುಕುವಂತೆ
ಕಿರುಬೆರಳು ಮತ್ತೆ ಮತ್ತೆ ಹೋಗಿ ಬರಿಗಾಳಿ ಮುಟ್ಟಿ ಬಂತು.
ಆಸ್ಮುಂದ್ ಹೆಗಲು ಕುಣಿಸಿದ. ಕಾಸಿಗೆ ತಕ್ಕ ಕಜ್ಜಾಯ.

ಎರಡನೆಯದು ನನಗಿಂತ ಹಿರಿಯದು. ಮರ.
ಊದಿದರೆ, ಪಕ್ಕದ ಕೋಣೆಯಲ್ಲಿ ದೀಪ ಹಚ್ಚದೆ
ಯಾರೋ ನನ್ನ ಬಗ್ಗೆ ಒಳ್ಳೆಯ ಮಾತಾಡಿದಂತೆ.
ಮತ್ತೆ ಊದಿದೆ. ಮತ್ತೊಮ್ಮೆ.
ಅಂಗಡಿಯ ಗಡಿಯಾರ ಹನ್ನೆರಡು ನಿಮಿಷ ತಿಂದಿತು.
ಆಮೇಲೆ ತಿರುಗಿಸಿ ನೋಡಿದೆ: ಎರಡು ಹಳೆಯ ಸೀಳು, ಒಂಬತ್ತು ಪಿನ್ನು.
ಮನೆಯಲ್ಲಿ ಒಬ್ಬ ರೋಗಿ ಸಾಕು.

ಮೂರನೆಯದು ಪ್ಲಾಸ್ಟಿಕ್ಕು.
ಫಿನ್‌ಸ್ನೆಸ್ ಕಡೆಯ ಶಾಲೆಯ ಬ್ಯಾಂಡಿನದು, ಬ್ಯಾಂಡು ಮುಚ್ಚಿ ಬಂದದ್ದು.
ಪೆಟ್ಟಿಗೆಯ ಒಳಮುಚ್ಚಳದಲ್ಲಿ ನೀಲಿ ಶಾಯಿ: ಯೋರುನ್, ಆರು ಬಿ.
ಪಕ್ಕದಲ್ಲಿ ಕಲ್ಲಾಗಿದ್ದ ಚೂಯಿಂಗ್ ಗಮ್ಮು.
ಎಲ್ಲ ಕೀಲಿಗಳೂ ಇದ್ದವು. ಹೆಬ್ಬೆರಳ ಕೊಕ್ಕೆ ಸವೆದಿತ್ತು,
ಅಷ್ಟು ಸಣ್ಣ ಬೆರಳು ಎಷ್ಟು ಹೊತ್ತಿರಬೇಕು.
ಎ ಸ್ವರ ಹಿಡಿದೆ. ಮುಳ್ಳು ನಾನೂರ ನಲವತ್ತೆರಡಕ್ಕೆ ನಿಂತು ಅಲುಗಲಿಲ್ಲ.
ದನಿಯಲ್ಲಿ ಕತ್ತಲಿಲ್ಲ, ಕೋಣೆಯಿಲ್ಲ,
ಕೊಟ್ಟದ್ದನ್ನು ಕೊಟ್ಟಂತೆ ಓದುವ ಗುಮಾಸ್ತನ ದನಿ.
"ಇದು ಮರವೇ ಅಲ್ಲ," ಅಂದ, "ಸೀಳಲು ಇದಕ್ಕೆ ಕಾರಣವಿಲ್ಲ."

ಹನ್ನೊಂದು ವರ್ಷದಿಂದ ನನಗೂ ಫೋನು ಬರುತ್ತದೆ,
ಸಾಮಾನ್ಯವಾಗಿ ರಾತ್ರಿ ಒಂಬತ್ತರ ನಂತರ:
ಐವಿಂದನಿಗೆ ಜ್ವರ, ನಾಳೆ ರಿಹರ್ಸಲ್ಲಿಗೆ ಬರ್ತೀಯಾ?
ಹೋಗುತ್ತೇನೆ. ಅವನ ಕುರ್ಚಿಯ ಎತ್ತರ ಸರಿಮಾಡಿಕೊಂಡು,
ಅವನ ಪೆನ್ಸಿಲ್ ಗುರುತುಗಳಲ್ಲಿ ಉಸಿರಾಡಿ ಬರುತ್ತೇನೆ.
ನನ್ನನ್ನು ಆರಿಸಿದ ದಿನ ಅವರೂ ಹೀಗೆ
ಹಸಿರು ಬಟ್ಟೆ ಹಾಸಿ ತಿರುಗಿಸಿ ನೋಡಿದರೇ?
ಕೀಲಿ ಎಲ್ಲ ಇವೆ. ಸೀಳಿಲ್ಲ. ದರ ಪರವಾಗಿಲ್ಲ.

ಒಂಬತ್ತೂವರೆ ಅಂದ, ಒಂಬತ್ತಕ್ಕೆ ಇಳಿದ,
ಒರೆಸುವ ರೇಷ್ಮೆ ಬಟ್ಟೆಯನ್ನು ಸುಮ್ಮನೆ ಸೇರಿಸಿದ.
ಎರಡನೆಯದನ್ನು ಅವನು ಪೆಟ್ಟಿಗೆಗೆ ಹಾಕುವಾಗ
ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಹದಿನೇಳರ ಬೆಳಿಗ್ಗೆ ನೀರುಹಿಮ ಸುರಿಯಿತು.
ಬಾವುಟಗಳು ಕೋಲಿಗೆ ಅಂಟಿದವು, ಮಕ್ಕಳು ಐಸ್‌ಕ್ರೀಮು ಬಿಡಲಿಲ್ಲ.
ತುತ್ತೂರಿ, ಡೋಲುಗಳ ನಡುವೆ ಓಬೋ ಯಾರಿಗೂ ಕೇಳುವುದಿಲ್ಲ,
ನನಗೂ. ಆದರೂ ಊದಿದೆ, ಬಂದರಿನಿಂದ ಚರ್ಚಿನವರೆಗೆ.
ಕೊಳವೆಯ ಮೇಲೆ ನೀರು ಇಳಿಯುತ್ತಿತ್ತು, ಇಳಿಯಲಿ ಅಂದೆ.
ಇಪ್ಪತ್ತು ವರ್ಷದಲ್ಲಿ ಮೊದಲ ಸಲ
ಆಕಾಶ ನೋಡದೆ ನುಡಿಸಿದೆ.

ಮನೆಗೆ ಬಂದು ಅಡುಗೆಮನೆಯ ಟವೆಲ್ಲಿನಲ್ಲಿ ಒರೆಸಿದೆ.
ಯೋರುನಳ ಹೆಸರು ಅಳಿಸಿಲ್ಲ, ಗಮ್ಮು ಮಾತ್ರ ಕೆರೆದೆ.
ಕಪಾಟಿನಲ್ಲಿ ಕರಿಮರ ಕಿತ್ತಳೆ ಸಿಪ್ಪೆಯ ತೇವದಲ್ಲಿ ಮಲಗಿದೆ.
ಸಿಪ್ಪೆ ಬದಲಿಸಿದೆ.
ಐವಿಂದ್ ಈ ವಾರ ಆರೋಗ್ಯವಾಗಿದ್ದಾನೆ.