ಎಡಗಡೆದು, ಬಲಗಡೆದು

ಅಕ್ಕಲಕೋಟ ರೋಡಿನ ಟಾವೆಲ್ ಕಾರ್ಖಾನಿ,
ರಾತ್ರಿ ಪಾಳಿ, ಎರಡೂವರಿಗೆ ಚಹಾ.
ಮಗ್ಗ ನಿಂತ ಮ್ಯಾಲೂ ತಲಿಯೊಳಗಿನ
ಖಟಾಖಟ್ ನಿಲ್ಲೂದಿಲ್ಲ,
ಅದರ ಮ್ಯಾಲೊಂದು ಹಾಡು ಹೊದಿಸಬೇಕು.

ನೂಲಿನ ಮೂಟಿ ಮ್ಯಾಲೆ ನಾವಿಬ್ಬರು,
ನಾ ಅಮೋಘಸಿದ್ಧ, ಅಂವ ಲಾಡ್ಲೇಸಾಬ.
ನವೀ ಪೇಠದಾಗ ಎಪ್ಪತ್ತು ರೂಪಾಯಿಗೆ ತಂದ
ಒಂದ ವಯರು, ಎದಿ ಹತ್ರ ಕವಲೊಡೆದು ಎರಡು.
ಎಡಗಡೆದು ನಂದು, ಬಲಗಡೆದು ಅವಂದು.
ಅಂವ ಬಲಕ್ಕ ಕೂಡ್ತಾನ, ಅಷ್ಟ. ಬ್ಯಾರೆ ಕಾರಣ ಇಲ್ಲ.
ಭುಜಕ್ಕ ಭುಜ ಹತ್ತಬೇಕು;
ಒಬ್ಬಂವ ಕೆಮ್ಮಿದರ
ಇನ್ನೊಬ್ಬನ ಕಿವಿಯಿಂದ ಹಾಡು ಕಳಚಿ ಬೀಳ್ತದ.
ಹನ್ನೊಂದು ವರ್ಷದಾಗ ಎಂಟೊಂಬತ್ತು ಹರದ್ವು.
ಈಗಿಂದರ ಪಿನ್ನಿನ ಬುಡ ಸಡ್ಲಾದಾಗ
ಅವನ ಹೆಂಡತಿ ಬೀಡಿ ಕಟ್ಟೋ ದಾರ ಸುತ್ತಿ ಕೊಟ್ಟಳು,
ಕೆಂಪು ದಾರ, ಬಿಗಿ ಗಂಟು.

ದೀಪಾವಳಿ ಬೋನಸ್ಸಿನಾಗ ಲಾಡ್ಲೇಸಾಬ
ವಯರಿಲ್ಲದ್ದೊಂದು ತಂದ. ಕಿವಿಗೊಂದೊಂದು ಬಟ್ಟಲು,
ತಲಿ ಮ್ಯಾಲೆ ಕಮಾನು.
"ಆವಾಜ್ ನೋಡೋ ಅಮೋಗಿ, ಆವಾಜ್!"
ತಾ ಕೇಳೂಕಿಂತ ಮೊದಲು ನನ್ನ ತಲಿಗೇರಿಸಿದ.

ಕಾರ್ಖಾನಿ ಬಾವ್ಯಾಗ ಮುಳುಗಿತು.
ಅದೇ ಹಳೇ ಪದ, ಕಾರ್ಡಿನೊಳಗಿಂದು.
ಎಡಕ್ಕ ಆಕಿ ಹಾಡ್ತಾಳ, ಯಾವತ್ತಿನಂಗ,
ಒಂದು ಸಾಲು ಹಾಡಿ ನಿಲ್ತಾಳ,
ಅಲ್ಲಿ ಖಾಲಿ ಅದ, ಬಲ್ಲೆ ನಾ,
ಆ ಖಾಲಿಯಾಗ ಒಂದು ಗುಟುಕು ಚಹಾ ಕುಡೀತೀನಿ ದಿನಾ.
ಗ್ಲಾಸು ಎತ್ತಿದೆ.
ಬಲಗಡೆಯಿಂದ ಒಂದು ಪಿಟೀಲು
ಆಕಿಗೆ ಜವಾಬು ಕೊಟ್ಟಿತು.

"ಪಿಟೀಲು ಇತ್ತೇನೋ ಇದರಾಗ?"
"ಇತ್ತಲ್ಲ. ಮೊದಲಿಂದ."
"ಹನ್ನೊಂದು ವರ್ಷ ಹೇಳ್ಲಿಲ್ಲ ನೀ!"
"ನಿನಗೂ ಕೇಳಸ್ತದಂತ ತಿಳಿದಿದ್ದೆ."
ಸ್ವಲ್ಪ ಹೊತ್ತು ಸುಮ್ಮಿದ್ದು,
"ನಿನ್ನ ಕಡೆ ಏನೇನದ?" ಅಂದ.
ತಬಲಾ, ಅಂದೆ. ಆಮ್ಯಾಲೆ, ಕಡೀಗೆ, ಒಂದು ಗೆಜ್ಜಿ.
ಗೆಜ್ಜಿ, ಅಂತ ಅಂವ ತನ್ನಷ್ಟಕ್ಕ ಅಂದ.

ವಯರಿಲ್ಲದ್ದು ಛಲೋ ಅದ, ಸುಳ್ಳು ಯಾಕ ಹೇಳ್ಲಿ.
ಡಗ್ಗಾ ಹೊಟ್ಟಿತನಕ ಇಳೀತದ,
ಎಪ್ಪತ್ತು ರೂಪಾಯಿದರಾಗ ಅದು ಡಬ್ಬಿಯೊಳಗಿನ ಕಡ್ಲಿ.
ಖರೆ, ಸಿನಿಮಾ ಹಚ್ಚಿದರ ತುಟಿ ಮೊದಲು, ಮಾತು ಆಮ್ಯಾಲೆ;
ಚರಣದ ನಡಕ ಯಾವಾಕಿಯೋ ಬಂದು
"ಬ್ಯಾಟರಿ ಲೋ" ಅಂತಾಳ.
ಮಗ್ಗ ನನ್ನ ಕಿವಿಯ ಸಣ್ಣ ಸಪ್ಪಳನೆಲ್ಲಾ ತಿಂದದ,
ಮನಿಯಾಕಿ ಬಳಿ ಸದ್ದೂ ಕೇಳೂದಿಲ್ಲ ಈಗ;
ಇಂಥ ಕಿವಿ ಯಾವ ಪಂಚಾಯ್ತಿ ಮಾಡೀತು?

ಮುಂಜಾನೆ ಪಾಳಿ ಬಿಟ್ಟು, ಗೇಟಿನ ಹೊರಗಿನ ಕಟ್ಟಿ ಮ್ಯಾಲೆ
ರೇಡಿಯೋ ಹಚ್ಚಿದರ ಫೋನು ಕೇಳ್ತದ: ವಯರೆಲ್ಲಿ?
ವಯರೇ ಅದಕ್ಕ ಆಂಟೆನಾ.
ಬುತ್ತಿ ಚೀಲದಿಂದ ಕೆಂಪು ದಾರದ್ದು ತಗದ್ವಿ.
ಇವತ್ತ ಅದಲಾಬದಲಿ, ಬಲಗಡೆದು ನನಗ.
ಲಾಡ್ಲೇಸಾಬ ವಯರು ಹಿಡಿದು ಮೊಣಕೈ ಎತ್ತಿದ, ಮೂಡಣಕ್ಕ,
ಗಡಿಯಾಚಿಂದ ಕನ್ನಡ ಬಂತು
ಉಸುಕು ಸೋಸಿದಂಗ, ಸುಯ್ ಸುಯ್:
ತೊಗರಿ ಧಾರಣಿ, ಇವತ್ತಿನ ಹವಾಮಾನ.
"ನಿನ್ನ ಕಡೆ ಏನದ?" ಕೇಳ್ದೆ.
"ತೊಗರಿ. ನಿನ್ನ ಕಡೆ?"
"ತೊಗರೀನ."
ಇಬ್ಬರಿಗೂ ಅದೇ ಗೊರಗೊರ, ಒಂದು ಗುಂಜಿ ಹೆಚ್ಚಿಲ್ಲ ಕಡಿಮಿಲ್ಲ.
ಅವನ ತೋಳು ನೋಯ್ತಿತ್ತು, ಕಾಣ್ತಿತ್ತು.
"ಇಳಸಬ್ಯಾಡ," ಅಂದೆ,
"ಕಡ್ಲಿದು ಇನ್ನಾ ಹೇಳಿಲ್ಲ."