ದಿಕ್ಕು

ಲಿಂಗಸುಗೂರು ಆಸ್ಪತ್ರೆ, ಎಕ್ಸ್‌ರೇ ಕೋಣೆಯ ಹಿಂದೆ
ಕಿಟಕಿಯಿಲ್ಲದ ದಫ್ತರಖಾನೆ.
ಹದಿನೇಳು ವರ್ಷದಿಂದ ನನ್ನ ಕೆಲಸ ಇಷ್ಟೆ:
ಹಳೆ ಹೆಸರಿನೆದುರು ಹೊಸ ಹೆಸರು ಬರೆಯುವುದು,
ಹೊಸದು ಹಳೆಯದಾಗುವ ತನಕ ಕಾಯುವುದು.

ಈ ಸಲವೂ ಬಂದಿದೆ ಮೇಲಿನಿಂದ ಪಟ್ಟಿ.
ಒಂದಿದ್ದದ್ದು ಮೂರಾಗಿ ಒಡೆದಿದೆ,
ಕೆಲವಕ್ಕೆ ‘ಬಳಕೆಯಲ್ಲಿಲ್ಲ’ ಎಂದು ಕೆಂಪು ಗೆರೆ.
ರೋಗವೇನೋ ಬಳಕೆಯಲ್ಲಿದೆ, ಹೊರಗೆ ಬೆಂಚಿನ ಮೇಲೆ ಕೂತಿದೆ
ಟೋಕನ್ ಹಿಡಿದು.

ಯಂತ್ರ ಬೇಗ ಜೋಡಿಸುತ್ತದೆ. ಸಕ್ಕರೆಗೆ ಸಕ್ಕರೆ, ಕಾಮಾಲೆಗೆ ಕಾಮಾಲೆ,
ಸಾವಿರದ ನಾನೂರು ಸಾಲು, ಚಹಾ ಆರುವುದರೊಳಗೆ.
ಉಳಿದದ್ದು ಒಂದು ಪದ, ನಲವತ್ತೊಂದು ಸಾಲು:
ದಿಕ್ಕು.
‘ಸಮಾನ ಪದ ಸಿಗಲಿಲ್ಲ.’

ಐವತ್ತೇಳರ ದಾಖಲೆ. ಕನ್ನಡ ಹೊಸದಾಗಿ ಕಲಿತ ಕೈ,
ಒತ್ತಕ್ಷರಕ್ಕೆ ಅಂಜಿ ಒತ್ತಿ ಒತ್ತಿ ಬರೆದದ್ದು.
ಕೆಮ್ಮು, ದಿಕ್ಕು. ರಕ್ತ, ದಿಕ್ಕು.
ದಿಕ್ಕಿಲ್ಲದವರು ಎಂದಿರಬೇಕು,
ಅವಸರಕ್ಕೆ ‘ಇಲ್ಲ’ ಬಿಟ್ಟುಹೋಗಿರಬೇಕು
ಅಂದುಕೊಂಡಿದ್ದೆ.

ಬುಡದ ಕಪಾಟಿನಲ್ಲಿ ನಿಜಾಮರ ಕಾಲದ ಉರ್ದು ರಿಜಿಸ್ಟರು.
ಕಂಪೌಂಡರ್ ಮಹಬೂಬಸಾಬರ ಹೆಂಡತಿ ಜುಲೇಖಾಬಿ
ಕನ್ನಡಕ ಏರಿಸಿ, ಬೆರಳನ್ನು ಬಲದಿಂದ ಎಡಕ್ಕೆ ಎಳೆದು ಓದಿದರು:
“ದಿಕ್ಕಲ್ಲವಾ ಅಂಬಮ್ಮ, ದಿಕ್. ಎದಿ ತಿಂದು ಮುಗಸೂ ಜಡ್ಡು.
ದಿಕ್ ಮಾಡಬ್ಯಾಡ ಅಂತ ಹುಡುಗರಿಗೆ ಬೈತೀವಲ್ಲ, ಅದೂ ಇದೇ.”

ಸಿಕ್ಕಿತು. ದಿಕ್, ದಿಕ್ಕು, ಕ್ಷಯ, ಟಿ.ಬಿ.,
ಆಮೇಲೊಂದು ಅಕ್ಷರ-ಅಂಕಿ, ಈಗಿನ ಇನ್ನೊಂದು.
ಗೆರೆ ಎಳೆಯುವಾಗ ಪಕ್ಕದ ಖಾನೆ ಕಣ್ಣಿಗೆ ಬಿತ್ತು:
ಊರು ಹಟ್ಟಿ. ಉದ್ಯೋಗ, ಗಣಿಯಲ್ಲಿ ಕಲ್ಲು ಕೊರೆಯುವುದು.
ಊರು ಹಟ್ಟಿ. ಉದ್ಯೋಗ, ಅದೇ. ಅದೇ. ಅದೇ.
ನಲವತ್ತೊಂದರಲ್ಲಿ ಇಪ್ಪತ್ತಾರು.

ಕಲ್ಲಿನ ಧೂಳು ತುಂಬಿದ ಎದೆಗೆ ಹೊಸ ಪಟ್ಟಿಯಲ್ಲಿ ಬೇರೆ ಸಂಖ್ಯೆ.
ಕ್ಷಯಕ್ಕೆ ಬೇರೆ.
ದ್ಯಾವಪ್ಪ ತಂದೆ ಕರೆಪ್ಪ, ವಯಸ್ಸು ಮೂವತ್ತೊಂದು,
ನಿನ್ನ ಕಫ ಯಾರೂ ಗಾಜಿಗೆ ಹಚ್ಚಿ ನೋಡಿಲ್ಲ,
ನಿನ್ನೆದೆಯ ಚಿತ್ರ ಉಳಿದಿಲ್ಲ,
ಇರುವುದು ಹೆಚ್ಚಾಗಿ ಬಿದ್ದ ಒಂದು ಒತ್ತು.
ಯಾವ ಮನೆಗೆ ಕಳಿಸಲಿ ನಿನ್ನ?

ಪರದೆ ಕೇಳುತ್ತದೆ: ಸಮ, ಹಿರಿದು, ಕಿರಿದು, ಇಲ್ಲ.
ನಾಲ್ಕರಲ್ಲೊಂದು ಒತ್ತದೆ ಮುಂದೆ ಬಿಡುವುದಿಲ್ಲ.
‘ಹಿರಿದು’ ಒತ್ತಿದೆ. ಮುಂದಿನ ಪಟ್ಟಿ ಬಂದಾಗ
ಈ ಕುರ್ಚಿಯಲ್ಲಿ ಕೂತವರಿಗೆಂದು ಟಿಪ್ಪಣಿ ಬರೆದೆ:
ಉದ್ಯೋಗದ ಖಾನೆ ನೋಡಿರಿ. ಈ ಗೆರೆ ಪೆನ್ಸಿಲಿನದು.

ಚೀಟಿ ಬರೆಯುವ ಹುಡುಗಿ ಊಟಕ್ಕೆ ಹೋಗಿದ್ದಳು.
ಬೆಂಚಿನಿಂದೆದ್ದು ಬಂದವನ ತೋಳಿಗೆ ಬಿಳಿ ಪುಡಿ.
“ಏನಾಗ್ಯದ?” “ದಮ್ಮು ರೀ.”
ಬರೆದೆ, ಅವನಂದಂತೆಯೇ. ಆಮೇಲೆ
ಪೆನ್ನು ಎತ್ತದೆ ಕೇಳಿದೆ:
“ಕೆಲಸ ಏನು?”