ತೂಕದ ಪುಸ್ತಕ

ಮೊಯ್ನಾಕಿನ ಮೀನು ಕಾರ್ಖಾನೆ ಬಾಗಿಲು ಹಾಕಿದ ದಿನ
ಎಲ್ಲರೂ ಏನೇನೋ ಹೊತ್ತುಕೊಂಡು ಹೋದರು,
ಕಿಟಕಿ, ತಗಡು, ಖಾಲಿ ಡಬ್ಬಿ.
ನಾನು ತಂದದ್ದು ತೂಕದ ಯಂತ್ರ,
ಮತ್ತು ಅರ್ಧಕ್ಕೆ ನಿಂತ ಒಂದು ಲೆಕ್ಕದ ಪುಸ್ತಕ.
ಹತ್ತೊಂಬತ್ತು ವರ್ಷ ಮುಳ್ಳು ನೋಡುತ್ತ ಕೂತವಳು,
ಬೇರೆ ಯಾವ ವಿದ್ಯೆ ಗೊತ್ತಿತ್ತು ನನಗೆ?

ಈಗ ದಿನಾ ಬೆಳಿಗ್ಗೆ, ಉಚ್ಚೆ ಹೊಯ್ದು ಬಂದ ಮೇಲೆ,
ಚಹಾಕ್ಕೆ ಮೊದಲು,
ಜೋಲ್ಮುರ್ಜಾ ಅದನ್ನು ಹತ್ತಿ ನಿಲ್ಲುತ್ತಾನೆ
ಬರಿಗಾಲಲ್ಲಿ, ಒಳಂಗಿಯಲ್ಲಿ,
ದಡಕ್ಕೆ ಎಳೆದು ಹಾಕಿದ ಮೀನಿನಂತೆ ಬಾಯಿ ತೆರೆದು.
ಎಪ್ಪತ್ತೊಂದೂವರೆ. ಬರೆಯುತ್ತೇನೆ.
ಅದೇ ಪುಸ್ತಕ. ಎದುರು ಪುಟದಲ್ಲಿ ನನ್ನದೇ ಕೈಬರಹ:
ಬ್ರೀಮ್, ನೂರ ಹನ್ನೆರಡು ಕಿಲೋ, ಆರನೇ ದೋಣಿ.

ಕಡಲು ಎಲ್ಲಿ ಹೋಯಿತೆಂದು
ದೊಡ್ಡವರು ದೊಡ್ಡ ನಕ್ಷೆ ಹರಡಿ ಹುಡುಕಿದರು.
ನಾನು ಅವನ ಕಣಕಾಲಿಗೆ ಹೆಬ್ಬೆರಳು ಒತ್ತುತ್ತೇನೆ.
ಗುಳಿ ಬೀಳುತ್ತದೆ.
ಎಣಿಸುತ್ತೇನೆ. ಏಳಾದರೂ ತುಂಬುವುದಿಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ,
ನಾವೇನು ಕೇಳಿ ತಿಂದೆವೇ?
ಒಣಗಿದ ತಳದಿಂದ ತಾನೇ ಎದ್ದು ಬಂತು
ಗಾಳಿಯ ಬೆನ್ನೇರಿ, ಹಿಟ್ಟಿನ ಡಬ್ಬಕ್ಕೆ, ರೆಪ್ಪೆಗೆ,
ಹಗ್ಗಕ್ಕೆ ಹಾಕಿದ ಹೊದಿಕೆಗೆ.
ಅಜ್ಜಿ, ಸಾರಿಗೆ ಉಪ್ಪು ಬೇಡ ಅನ್ನುತ್ತಾಳೆ ನರ್ಸ್ ಐಶೋಲ್ಪಾನ್.
ಆಯಿತು ಮಗಳೇ. ಊರಿಗೆ ಯಾರು ಹೇಳುತ್ತಾರೆ?

ಬಿಳಿ ಮಾತ್ರೆ ನೀರಿನದು.
ಮಧ್ಯಾಹ್ನದ ತನಕ ಅಂಗಳದಾಚೆಯ ಪಾಯಿಖಾನೆಗೆ ಅಟ್ಟುತ್ತದೆ,
ಜನವರಿಯಲ್ಲಿ, ಮೀಸೆಗೆ ಹಿಮ ಕಟ್ಟುವಾಗ.
ಇನ್ನೊಂದು ಒಣ ಕೆಮ್ಮು ತಂದಿತ್ತು,
ರಾತ್ರಿಯಿಡೀ ಖಾಲಿ ದೋಣಿಗೆ ಹುಟ್ಟು ಬಡಿದ ಹಾಗೆ;
ಅದನ್ನು ಬದಲಿಸಿದರು.
ಮತ್ತೊಂದು, ಥಟ್ಟನೆ ಎದ್ದರೆ ಕಣ್ಣು ಕತ್ತಲು.
ಹಳದಿ ಮಾತ್ರೆಯ ಬಗ್ಗೆ ಅವನು ಏನೂ ಹೇಳಲಿಲ್ಲ.

ಮಾರ್ಚಿನಲ್ಲಿ ಮುಳ್ಳು ನಿಂತೇ ಬಿಟ್ಟಿತು.
ಎಪ್ಪತ್ತೊಂದೂವರೆ, ಎಪ್ಪತ್ತೊಂದೂವರೆ, ಒಂಬತ್ತು ದಿನ.
ಬೂಟು ಮಾತ್ರ ಹತ್ತದು.
ಮೂರು ದಿಂಬು ಸಾಲದೆ, ಗೋಡೆಗೊರಗಿ ಕೂತೇ ನಿದ್ದೆ.
ಹತ್ತನೇ ದಿನ ಪುಸ್ತಕದಿಂದ ತಲೆ ಎತ್ತಿದೆ.
ಬಾಗಿಲ ಚೌಕಟ್ಟಿನ ಮೇಲೆ ಅವನ ಬೆರಳು.
ಎರಡೇ ಎರಡು.

ಅಯ್ಯೋ ಕಳ್ಳಾ, ನನ್ನ ಮುಂದೆಯೇ?
ಬುಟ್ಟಿಯ ತಳಕ್ಕೆ ಒದ್ದೆ ಗೋಣಿ ಹಾಸಿ
ಮೀನಿನ ತೂಕ ಏರಿಸುತ್ತಿದ್ದವನನ್ನು
ಹಿಡಿದು, ಬೈದು, ಆಮೇಲೆ ಮದುವೆಯಾದವಳು ನಾನು.
ಬೆರಳು ತೆಗಿ ಅಂದೆ.
ಮುಳ್ಳು ಎಪ್ಪತ್ತಾರಕ್ಕೆ ಹಾರಿತು.

ಹಳದಿ ಮಾತ್ರೆ ಅವನ ಎದೆಯಲ್ಲಿ ಮೊಲೆ ಮೂಡಿಸಿತ್ತು.
ಅಂಗಿ ತಾಗಿದರೂ ನೋವು,
ಮೊಮ್ಮಗ ಓಡಿ ಬಂದು ಅಪ್ಪಿದರೆ ಹಲ್ಲು ಕಚ್ಚುವಷ್ಟು.
ಗಂಡಸರ ಸ್ನಾನದ ಮನೆಗೆ ಹೋಗುವುದು ಬಿಟ್ಟಿದ್ದ.
ಮಾತ್ರೆ ಮೂರು ವಾರದಿಂದ ಒಲೆಯ ಬೂದಿಗೆ.
ಬಿರುಗಾಳಿಯಲ್ಲಿ ಬಲೆ ಎಳೆದವನು
ಇಷ್ಟು ಹೇಳಲು ಗೋಡೆಯ ಕಡೆ ತಿರುಗಿದ.

ನಾನು ನಗಲಿಲ್ಲ.
ಸುಳ್ಳು, ಸ್ವಲ್ಪ ನಕ್ಕೆ.
ಆಮೇಲೆ, ದೊಡ್ಡವಳು ಹುಟ್ಟಿದಾಗ ಹಾಲು ಕಟ್ಟಿ
ನನಗೆ ಜ್ವರ ಏರಿದ್ದರ ಕತೆ ಹೇಳಿದೆ.
ಆಗ ಅವನು ಕಡಲಲ್ಲಿದ್ದ. ಕೇಳಿದ್ದು ಈಗಲೇ.

ಆರು ದಿನ ನುಕುಸ್ ಆಸ್ಪತ್ರೆ, ತೋಳಿಗೆ ನಳಿಕೆ.
ಕಡಲನ್ನು ಬಾಟಲಿಯಲ್ಲಿ ಅಳೆದು ಅಳೆದು ಚೆಲ್ಲಿದರು.
ಹಳದಿಯ ಬದಲು ಬೇರೆ ಕೊಟ್ಟರು,
ರಕ್ತ ತೆಗೆದರು, ಒಣ ಜರ್ದಾಳು ಮುಕ್ಕಬೇಡ ಎಂದರು,
ಎರಡು ದಿನಕ್ಕೆ ಎರಡು ಕಿಲೋ ಏರಿದರೆ
ಬೆಳಗಾಗಲಿ ಎಂದು ಕಾಯಬೇಡ ಎಂದರು.
ಐಶೋಲ್ಪಾನ್‌ಗೆ ಇದೇನೂ ಹೊಸತಲ್ಲ.
ಅಜ್ಜಾ, ಮಾತ್ರೆ ಬಿಡುವ ಮುಂಚೆ ಬಾಯಿ ಬಿಡು, ಅಷ್ಟೇ ಅಂದಳು.

ಇವತ್ತು ಎಪ್ಪತ್ತೊಂದು.
ಎರಡೂ ಕೈ ತಲೆಯ ಮೇಲೆ, ಸೆರೆಸಿಕ್ಕ ಸೈನಿಕನ ಹಾಗೆ.

ಬಾಯಾರಿಕೆ ಮಾತ್ರ ಹೋಗಿಲ್ಲ.
ಹೂಜಿಗೆ ನೀಲಿ ಗೆರೆ ಎಳೆದಿದ್ದೇನೆ, ದಿನಕ್ಕೆ ಅಷ್ಟೇ.
ನಮ್ಮಲ್ಲಿ ಪಿಯಾಲೆ ತುಂಬಿಸಿ ಕೊಟ್ಟರೆ
ಕುಡಿದು ಹೊರಡು ಎಂದರ್ಥ;
ಅರ್ಧ ಕೊಟ್ಟರೆ, ಕೂತಿರು, ಮತ್ತೆ ಹಾಕುತ್ತೇನೆ ಎಂದು.
ಅರ್ಧಕ್ಕೂ ಕಡಿಮೆ ಚಹಾ ಅವನ ಮುಂದಿಡುತ್ತೇನೆ.
ಬಟ್ಟಲಿನ ತಳ ನೋಡುತ್ತಾನೆ, ನನ್ನನ್ನು ನೋಡುತ್ತಾನೆ,
ಅಬ್ಬಾ, ಎಷ್ಟು ಮರ್ಯಾದೆ ಅನ್ನುತ್ತಾನೆ.